ಒಂದೂ ಚಿನ್ನ ಗೆಲ್ಲದ ರಾನ್ ಕ್ಲಾರ್ಕ್ ಶ್ರೇಷ್ಠ ಓಟಗಾರರ ಪಟ್ಟಿಯಲ್ಲಿ ಬರ್ತಾರಾ?

ಬೆಳಗಿನ_ಓಟ:

ನಮ್ಮ ಓಟದ ಗುಂಪಿನಲ್ಲಿ ಮೊನ್ನೆಯಿಂದ ಇದೇ ಜಗಳ. ದೂರದ ಓಟದಲ್ಲಿ ಇದುವರೆಗಿನ ಟಾಪ್ ಹತ್ತು ಜನರ ಪಟ್ಟಿ ಮಾಡೋಣ ಅಂತ ಶುರುವಾಯಿತು. ನಾನು ಆಸ್ಟ್ರೇಲಿಯಾದ ರಾನ್ ಕ್ಲಾರ್ಕ್ ಹೆಸರು ಹೇಳಿದ್ದೇ ತಡ, "ಒಲಿಂಪಿಕ್ಸ್ ಚಿನ್ನ ಇಲ್ಲ, ಕಾಮನ್‌ವೆಲ್ತ್ ಚಿನ್ನವೂ ಇಲ್ಲ, ಇವರು ಯಾವ ಲೆಕ್ಕದಲ್ಲಿ ಬಂದರು?" ಅಂತ ಒಬ್ಬರು ಕೇಳಿದರು. ಉಳಿದವರೆಲ್ಲ ಅವರ ಕಡೆಗೇ ಸೇರಿದರು.

ಗೊತ್ತಿಲ್ಲದವರಿಗೆ ಚಿಕ್ಕದಾಗಿ ಹೇಳಿಬಿಡುತ್ತೇನೆ. 1937ರಲ್ಲಿ ಮೆಲ್ಬರ್ನ್‌ನಲ್ಲಿ ಹುಟ್ಟಿದವರು. ಕೆಲಸ ಅಕೌಂಟೆಂಟ್. 1963ರಿಂದ 1968ರವರೆಗೆ 17 ವಿಶ್ವ ದಾಖಲೆ. 2 ಮೈಲಿಯಿಂದ ಹಿಡಿದು ಒಂದು ಗಂಟೆಯ ಓಟದವರೆಗೆ ಯಾವುದನ್ನೂ ಬಿಟ್ಟಿಲ್ಲ. 10,000 ಮೀಟರ್ ಅನ್ನು 28 ನಿಮಿಷದೊಳಗೆ ಮೊದಲು ಓಡಿದ್ದು ಅವರು. 3 ಮೈಲಿಯನ್ನು 13 ನಿಮಿಷದೊಳಗೆ ಮೊದಲು ಓಡಿದ್ದೂ ಅವರೇ. ಆದರೆ ಒಲಿಂಪಿಕ್ಸ್‌ನಲ್ಲಿ ಸಿಕ್ಕಿದ್ದು ಒಂದು ಕಂಚು, 1964ರ ಟೋಕಿಯೊದಲ್ಲಿ. ಕಾಮನ್‌ವೆಲ್ತ್ ಕೂಟಗಳಲ್ಲಿ ನಾಲ್ಕು ಬೆಳ್ಳಿ. ಅಷ್ಟೇ.

ಪದಕ ಇಲ್ಲ ಅಂದಮಾತ್ರಕ್ಕೆ ಅಷ್ಟು ದಾಖಲೆಗಳಿಗೆ ಬೆಲೆ ಇಲ್ಲವಾ? ನನಗೆ ಇದು ಅನ್ಯಾಯ ಅನ್ನಿಸುತ್ತದೆ. ನೀವೇನಂತೀರಿ?

ಕಬ್ಬನ್_ಪಾರ್ಕ್_ಸುತ್ತು:

ಖಂಡಿತ ಬರ್ತಾರೆ. ಇದರಲ್ಲಿ ಚರ್ಚೆ ಮಾಡೋಕೆ ಏನಿದೆ?

ಪಿಟಿ_ಮೇಷ್ಟ್ರು:

ಚರ್ಚೆ ಮಾಡೋಕೆ ಬೇಕಾದಷ್ಟಿದೆ ಮಾರಾಯರೇ. ದಾಖಲೆ ಮಾಡುವುದೇ ಬೇರೆ, ರೇಸ್ ಗೆಲ್ಲುವುದೇ ಬೇರೆ. ದಾಖಲೆಗೆ ಒಳ್ಳೆ ಹವಾ ಇರುವ ದಿನ ಆರಿಸಿಕೊಳ್ಳಬಹುದು, ನಿಮಗೆ ಹೊಂದುವ ಮೈದಾನ ಆರಿಸಿಕೊಳ್ಳಬಹುದು. ಇವತ್ತು ಆಗದಿದ್ದರೆ ಮುಂದಿನ ವಾರ. ಒಲಿಂಪಿಕ್ಸ್ ನಾಲ್ಕು ವರ್ಷಕ್ಕೊಮ್ಮೆ. ಅವರು ಹೇಳಿದ ದಿನ, ಹೇಳಿದ ಗಂಟೆಗೆ ಓಡಿ ಎಲ್ಲರನ್ನೂ ಸೋಲಿಸಬೇಕು. ಅದಕ್ಕೇ ಅದಕ್ಕೆ ಅಷ್ಟು ಮರ್ಯಾದೆ.

ಕ್ಲಾರ್ಕ್ ಬಗ್ಗೆ ನನಗೆ ಗೌರವ ಇದೆ. ಆದರೆ ಕೊನೆಯ 300 ಮೀಟರ್‌ನಲ್ಲಿ ಅವರಿಗೆ ವೇಗ ಇರಲಿಲ್ಲ. ಹಿಂದೆ ಅಂಟಿಕೊಂಡು ಬಂದವರು ಕೊನೆಗೆ ದಾಟಿಕೊಂಡು ಹೋಗುತ್ತಿದ್ದರು. ಇದು ಒಂದು ಸಲ ಆಗಿದ್ದಲ್ಲ. ಕಾಮನ್‌ವೆಲ್ತ್ ಕೂಟಗಳನ್ನೇ ನೋಡಿ. 1962ರ ಪರ್ತ್‌ನಲ್ಲಿ 3 ಮೈಲಿ, ನ್ಯೂಜಿಲೆಂಡ್‌ನ ಮರ್ರೆ ಹಾಲ್ಬರ್ಗ್ ಮುಂದೆ ಬೆಳ್ಳಿ. 1966ರ ಕಿಂಗ್‌ಸ್ಟನ್‌ನಲ್ಲಿ ಇಬ್ಬರು ಕೆನ್ಯಾದವರ ಮುಂದೆ, 3 ಮೈಲಿಯಲ್ಲಿ ಕಿಪ್ ಕೇನೊ, 6 ಮೈಲಿಯಲ್ಲಿ ನಫ್ತಾಲಿ ಟೆಮು. 1970ರ ಎಡಿನ್‌ಬರೋದಲ್ಲಿ 10,000 ಮೀಟರ್, ಸ್ಕಾಟ್ಲೆಂಡ್‌ನ ಲಾಕಿ ಸ್ಟುವರ್ಟ್. ನಾಲ್ಕು ಸಲ ಎರಡನೇ ಸ್ಥಾನ ಅಂದರೆ ಅದನ್ನು ದುರದೃಷ್ಟ ಅಂತ ಹೇಳಿ ಮುಗಿಸೋಕಾಗಲ್ಲ.

ಗಡಿಯಾರ_ಹಿಡಿದವನು:

ಮೇಷ್ಟ್ರೇ, ಒಳ್ಳೆ ದಿನ ಆರಿಸಿಕೊಳ್ಳಬಹುದು ಅಂದಿರಲ್ಲ, 1965ರ ಜುಲೈ ನೋಡಿ.

ಜುಲೈ 10, ಲಂಡನ್‌ನ ವೈಟ್ ಸಿಟಿ ಮೈದಾನ. 3 ಮೈಲಿ, 12:52.4. ಅಲ್ಲಿಯವರೆಗೆ 13 ನಿಮಿಷದೊಳಗೆ ಯಾರೂ ಓಡಿರಲಿಲ್ಲ. ನಾಲ್ಕು ದಿನ ಬಿಟ್ಟು ಜುಲೈ 14, ಓಸ್ಲೊದ ಬಿಸ್ಲೆಟ್. 10,000 ಮೀಟರ್, 27:39.4. ಆಗ ಪುಸ್ತಕದಲ್ಲಿದ್ದ ದಾಖಲೆಯೂ ಅವರದೇ, 28:15.6. ಒಂದೇ ರೇಸ್‌ನಲ್ಲಿ 36 ಸೆಕೆಂಡ್ ಕಡಿಮೆ! ಹಳೇ ದಾಖಲೆಯ ವೇಗದಲ್ಲಿ ಪಕ್ಕದಲ್ಲಿ ಇನ್ನೊಬ್ಬರು ಓಡುತ್ತಿದ್ದರೆ, ಕ್ಲಾರ್ಕ್ ಗೆರೆ ಮುಟ್ಟಿದಾಗ ಅವರು ಅರ್ಧ ಸುತ್ತಿಗಿಂತ ಹಿಂದೆ ಇರುತ್ತಿದ್ದರು. ಅದೇ ಓಟದ ಮಧ್ಯೆ 6 ಮೈಲಿಯ ದಾಖಲೆಯೂ ಬಿತ್ತು, 26:47.0.

ಸರಾಸರಿ ಒಂದು ಸುತ್ತಿಗೆ 66.4 ಸೆಕೆಂಡ್. ಅಂಥ 25 ಸುತ್ತು. ಈಗಿನ ಹಾಗೆ ಮುಂದೆ ಓಡಿ ವೇಗ ಹಿಡಿದುಕೊಡುವ ಪೇಸರ್‌ಗಳಿಲ್ಲ. ಟ್ರ್ಯಾಕ್ ಪಕ್ಕದಲ್ಲಿ ಹಸಿರು ದೀಪ ಓಡುವುದಿಲ್ಲ. ಕಾರ್ಬನ್ ಪ್ಲೇಟ್ ಶೂ ಇಲ್ಲ. ಸಿಂಡರ್ ಟ್ರ್ಯಾಕ್, ಅಂದರೆ ಸುಟ್ಟ ಕಲ್ಲಿದ್ದಲ ಪುಡಿ ಹಾಕಿ ಗಟ್ಟಿ ಮಾಡಿದ ನೆಲ. ಗಾಳಿಯನ್ನೆಲ್ಲ ತಾನೇ ಎದುರಿಸಿಕೊಂಡು ಒಬ್ಬನೇ ಓಡಬೇಕು.

ಯಾರಿಗಾದರೂ ಅನುಮಾನ ಇದ್ದರೆ ಹತ್ತಿರದ ಮೈದಾನಕ್ಕೆ ಹೋಗಿ ಒಂದೇ ಒಂದು ಸುತ್ತು 66 ಸೆಕೆಂಡ್‌ನಲ್ಲಿ ಓಡಿ ನೋಡಿ.

ಓಡು_ಮಗಾ_ಓಡು:

ನಾನು ನೋಡಿದ್ದೇನೆ. ಒಂದು ಸುತ್ತು ಹೇಗೋ ಆಗುತ್ತೆ. ಎರಡನೇದು ಆಗಲ್ಲ. 25 ಅಂದರೆ ತಲೆಗೇ ಹೋಗ್ತಿಲ್ಲ.

ಸಂಜೆ_ನಡಿಗೆ:

ಕೇಳ್ತೀನಿ ಅಂತ ಬೇಜಾರಾಗಬೇಡಿ, ಇವರು ಕ್ರಿಕೆಟ್‌ನ ಮೈಕೆಲ್ ಕ್ಲಾರ್ಕ್‌ಗೆ ಏನಾದರೂ ಆಗಬೇಕಾ?

ಮೆಲ್ಬರ್ನ್_ಕನ್ನಡಿಗ:

ಇಲ್ಲ ಮೇಡಂ. ಮೈಕೆಲ್ ಸಿಡ್ನಿ ಕಡೆಯವರು. ರಾನ್ ಅವರ ಅಣ್ಣ ಜಾಕ್ ಕ್ಲಾರ್ಕ್ ಇಲ್ಲಿ ಬಹಳ ದೊಡ್ಡ ಹೆಸರು, ಎಸೆಂಡನ್ ತಂಡದ ಫುಟ್‌ಬಾಲ್ ಆಟಗಾರ. ಆಸ್ಟ್ರೇಲಿಯನ್ ರೂಲ್ಸ್ ಫುಟ್‌ಬಾಲ್, ನಮ್ಮ ಕಾಲ್ಚೆಂಡಲ್ಲ.

ಮೆಲ್ಬರ್ನ್‌ನಲ್ಲಿರುವುದರಿಂದ ಒಂದು ವಿಷಯ ಸೇರಿಸುತ್ತೇನೆ. ಹಳೆಯ ಒಲಿಂಪಿಕ್ ಪಾರ್ಕ್ ಮೈದಾನ ಈಗಿಲ್ಲ. ಆದರೆ ಆ ಜಾಗದ ಹತ್ತಿರ ಒಂದು ಕಂಚಿನ ಪ್ರತಿಮೆ ಇದೆ. ಒಬ್ಬ ಓಟಗಾರ ನೆಲಕ್ಕೆ ಬಿದ್ದಿದ್ದಾನೆ, ಇನ್ನೊಬ್ಬ ಬಗ್ಗಿ ಅವನನ್ನು ಎಬ್ಬಿಸುತ್ತಿದ್ದಾನೆ. ಬಿದ್ದವರು ರಾನ್ ಕ್ಲಾರ್ಕ್. ಎಬ್ಬಿಸುತ್ತಿರುವವರು ಜಾನ್ ಲ್ಯಾಂಡಿ.

1956ರ ಮಾರ್ಚ್, ಆಸ್ಟ್ರೇಲಿಯಾದ ರಾಷ್ಟ್ರೀಯ ಮೈಲಿ ಓಟ. ಲ್ಯಾಂಡಿ ಆಗ ಮೈಲಿಯ ವಿಶ್ವ ದಾಖಲೆ ಇದ್ದವರು. ಕ್ಲಾರ್ಕ್‌ಗೆ ಬರೀ 19. ಮೂರನೇ ಸುತ್ತಿನಲ್ಲಿ ಕಾಲಿಗೆ ಕಾಲು ತಾಗಿ ಕ್ಲಾರ್ಕ್ ಬಿದ್ದರು. ಹಿಂದೆಯೇ ಇದ್ದ ಲ್ಯಾಂಡಿ ಅವರ ಮೇಲಿಂದ ಹಾರಿದರು. ಹಾರುವಾಗ ಶೂ ಮೊಳೆ ಕ್ಲಾರ್ಕ್ ಮೈಗೆ ತಾಗಿತು. ಲ್ಯಾಂಡಿ ಅಲ್ಲೇ ನಿಂತು, ವಾಪಸ್ ಬಂದು, ಕ್ಷಮೆ ಕೇಳಿ, ಹುಡುಗ ಸರಿಯಾಗಿದ್ದಾನಾ ಅಂತ ನೋಡಿದರು. ಅಷ್ಟರಲ್ಲಿ ಉಳಿದವರು ಎಲ್ಲೋ ಹೋಗಿದ್ದರು. ಆಮೇಲೆ ಬೆನ್ನಟ್ಟಿಕೊಂಡು ಹೋಗಿ ಎಲ್ಲರನ್ನೂ ಹಿಡಿದು ಗೆದ್ದೂಬಿಟ್ಟರು, 4:04.2. ನಿಲ್ಲದೇ ಇದ್ದಿದ್ದರೆ ಆವತ್ತು ವಿಶ್ವ ದಾಖಲೆ ಆಗುತ್ತಿತ್ತು ಅಂತ ಇಲ್ಲಿಯವರು ಇವತ್ತಿಗೂ ಹೇಳುತ್ತಾರೆ. ಲ್ಯಾಂಡಿ ಮುಂದೆ ವಿಕ್ಟೋರಿಯಾ ರಾಜ್ಯದ ಗವರ್ನರ್ ಆದರು.

ಸಂಜೆ_ನಡಿಗೆ:

ಅಬ್ಬಾ, ನಿಂತು ವಾಪಸ್ ಬಂದು ಆಮೇಲೂ ಗೆದ್ದರಾ! ಇದು ಗೊತ್ತೇ ಇರಲಿಲ್ಲ. ಧನ್ಯವಾದ ಸರ್.

ಧಾರವಾಡದ_ಗಾಳಿ:

ಅದೇ ವರ್ಷ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಜ್ಯೋತಿ ಹೊತ್ತಿಸಿದವರೂ ಇದೇ ಕ್ಲಾರ್ಕ್ ಅಲ್ರೀ? ಅವರು ಆ ಸಲ ಆಸ್ಟ್ರೇಲಿಯಾ ತಂಡದಲ್ಲೇ ಇರಲಿಲ್ಲ. ಜೂನಿಯರ್ ಮೈಲಿಯ ವಿಶ್ವ ದಾಖಲೆ ಇತ್ತು, ಅದಕ್ಕೇ ಆರಿಸಿದರು. ಆ ಪಂಜಿನಲ್ಲಿ ಬೆಳಕು ಜೋರಾಗಿ ಬರಲಿ ಅಂತ ಮೆಗ್ನೀಸಿಯಂ ಸೇರಿಸಿದ್ದರು. ಎಂಸಿಜಿ ಮೈದಾನದಲ್ಲಿ ಸುತ್ತು ಹಾಕುವಾಗ ಕಿಡಿ ಉದುರಿ ಅಂಗಿ ತೂತಾಯಿತು, ತೋಳು ಸುಟ್ಟಿತು. ಹುಡುಗ ಪಂಜು ಕೆಳಗಿಳಿಸಲಿಲ್ಲ. ಮೆಟ್ಟಿಲು ಹತ್ತಿ ಜ್ಯೋತಿ ಹೊತ್ತಿಸಿ, ಆಮೇಲೇ ಚಿಕಿತ್ಸೆ.

ಹಳೇ_ಫುಟ್‌ಬಾಲ್:

1956 ಮೆಲ್ಬರ್ನ್ ಅಂದಿರಾ? ಹಾಗಿದ್ದರೆ ನಮ್ಮವರ ಮಾತೂ ಬರಲಿ. ಭಾರತದ ಫುಟ್‌ಬಾಲ್ ತಂಡ ನಾಲ್ಕನೇ ಸ್ಥಾನಕ್ಕೆ ಬಂದದ್ದು ಅಲ್ಲೇ. ಆಸ್ಟ್ರೇಲಿಯಾವನ್ನು ಅವರ ಮನೆಯಲ್ಲೇ 4-2ರಿಂದ ಸೋಲಿಸಿದರು, ನೆವಿಲ್ ಡಿಸೋಜ ಹ್ಯಾಟ್ರಿಕ್. ಕೆಂಪಯ್ಯ ಆ ತಂಡದಲ್ಲಿದ್ದರು. ಇವತ್ತಿನ ಹುಡುಗರಿಗೆ ಕೆಂಪಯ್ಯ ಯಾರು ಅಂತಲೇ ಗೊತ್ತಿಲ್ಲ.

ಕಬ್ಬನ್_ಪಾರ್ಕ್_ಸುತ್ತು:

ನಾಲ್ಕನೇ ಸ್ಥಾನಕ್ಕೆ ಬಂದ ತಂಡವನ್ನು ಇವತ್ತಿಗೂ ಕೊಂಡಾಡುತ್ತೇವೆ. ರೋಮ್‌ನಲ್ಲಿ ನಾಲ್ಕನೆಯವರಾದ ಮಿಲ್ಖಾ ಸಿಂಗ್ ಅವರನ್ನು, ಲಾಸ್ ಏಂಜಲೀಸ್‌ನಲ್ಲಿ ನಾಲ್ಕನೆಯವರಾದ ಪಿ.ಟಿ. ಉಷಾ ಅವರನ್ನು ತಲೆ ಮೇಲೆ ಹೊತ್ತುಕೊಳ್ಳುತ್ತೇವೆ. ಹೊತ್ತುಕೊಳ್ಳಲೂಬೇಕು. ಆದರೆ 17 ವಿಶ್ವ ದಾಖಲೆ ಮಾಡಿ ಮೂರನೆಯವರಾದ ಮನುಷ್ಯನಿಗೆ ಮಾತ್ರ "ಚಿನ್ನ ಎಲ್ಲಿ?" ಅಂತ ಕೇಳುತ್ತೀವಿ. ಇದು ಯಾವ ನ್ಯಾಯ?

ಪಿಟಿ_ಮೇಷ್ಟ್ರು:

ಮಿಲ್ಖಾ ಅವರನ್ನಾಗಲಿ ಉಷಾ ಅವರನ್ನಾಗಲಿ ಜಗತ್ತಿನ ಟಾಪ್ ಹತ್ತರಲ್ಲಿ ಯಾರೂ ಹಾಕುತ್ತಿಲ್ಲವಲ್ಲ. ನಮ್ಮ ದೇಶಕ್ಕೆ ದೊಡ್ಡವರು ಅನ್ನುವುದು ಬೇರೆ ಮಾತು. ಇಲ್ಲಿ ಪ್ರಶ್ನೆ ಇರುವುದು ಜಗತ್ತಿನ ಪಟ್ಟಿಯದು.

ಟೋಕಿಯೊ ರೇಸ್ ಬಗ್ಗೆ ಯಾರಾದರೂ ಸರಿಯಾಗಿ ಬರೆಯಿರಿ. ನನ್ನ ವಾದವೆಲ್ಲ ಅಲ್ಲೇ ಇದೆ.

ಹಳೇ_ರೀಲು:

ನಾನು ಬರೆಯುತ್ತೇನೆ. ಆ ಓಟದ ಕೊನೆಯ ಸುತ್ತಿನ ವಿಡಿಯೊ ಎಷ್ಟು ಸಲ ನೋಡಿದರೂ ನನಗೆ ಸಾಕಾಗುವುದಿಲ್ಲ.

1964ರ ಅಕ್ಟೋಬರ್ 14. ಮಳೆಗೆ ನೆನೆದ ಸಿಂಡರ್ ಟ್ರ್ಯಾಕ್. ಹೀಟ್ಸ್ ಅಂದರೆ ಅರ್ಹತಾ ಸುತ್ತು ಇಲ್ಲ, ಎಲ್ಲರೂ ನೇರ ಫೈನಲ್‌ಗೆ. ಹಾಗಾಗಿ ಟ್ರ್ಯಾಕ್ ತುಂಬಾ ಜನ. ವಿಶ್ವ ದಾಖಲೆ ಕೈಯಲ್ಲಿದ್ದ ಕ್ಲಾರ್ಕ್ ಎಲ್ಲರ ಲೆಕ್ಕದಲ್ಲಿ ಗೆಲ್ಲಬೇಕಾದವರು. ಒಂದು ಸುತ್ತು ಬಿಟ್ಟು ಒಂದು ಸುತ್ತು ವೇಗ ಹೆಚ್ಚಿಸುತ್ತಾ ಹಿಂದಿನವರನ್ನು ಒಬ್ಬೊಬ್ಬರನ್ನಾಗಿ ಕಳಚಿದರು. ಕೊನೆಗೆ ಉಳಿದದ್ದು ಮೂವರು. ಕ್ಲಾರ್ಕ್, ಟ್ಯುನೀಷಿಯಾದ ಮೊಹಮ್ಮದ್ ಗಮ್ಮೂದಿ, ಅಮೆರಿಕದ ಬಿಲ್ಲಿ ಮಿಲ್ಸ್. ಮಿಲ್ಸ್ ಲಕೋಟ ಬುಡಕಟ್ಟಿನವರು, ಆಗ ಅಮೆರಿಕದ ಮರೀನ್ ಪಡೆಯಲ್ಲಿದ್ದರು. ಅವರ ಹೆಸರು ಯಾರ ಬಾಯಲ್ಲೂ ಇರಲಿಲ್ಲ.

ಕೊನೆಯ ಸುತ್ತಿನಲ್ಲಿ ಕ್ಲಾರ್ಕ್ ಒಳಗಿನ ಲೇನ್‌ನಲ್ಲಿ, ಹೊರಗಡೆ ಪಕ್ಕದಲ್ಲಿ ಮಿಲ್ಸ್. ಮುಂದೆ ಒಂದು ಸುತ್ತು ಹಿಂದುಳಿದ ಓಟಗಾರ ದಾರಿಗೆ ಅಡ್ಡ. ಕ್ಲಾರ್ಕ್ ಹೊರಗೆ ಬರಬೇಕು, ಮಿಲ್ಸ್ ಜಾಗ ಬಿಡುತ್ತಿಲ್ಲ. ಕ್ಲಾರ್ಕ್ ಕೈಯಿಂದ ತಳ್ಳಿದರು, ಮಿಲ್ಸ್ ತತ್ತರಿಸಿ ಹೊರಗೆ ಸರಿದರು. ಅದೇ ಗಳಿಗೆಗೆ ಕಾಯುತ್ತಿದ್ದವರ ಹಾಗೆ ಗಮ್ಮೂದಿ ಇಬ್ಬರ ಮಧ್ಯೆ ನುಗ್ಗಿ ಮುಂದೆ ಹೋದರು. ಕ್ಲಾರ್ಕ್ ಬೆನ್ನಟ್ಟಿ ಹತ್ತಿರ ಹತ್ತಿರ ಬಂದರು. ಇನ್ನೇನು ಇವರಿಬ್ಬರಲ್ಲೇ ಒಬ್ಬರು ಅಂದುಕೊಳ್ಳುವಾಗ ಮಿಲ್ಸ್ ಹೊರಗಿನ ಲೇನ್‌ನಿಂದ ಬಂದು ಇಬ್ಬರನ್ನೂ ದಾಟಿಬಿಟ್ಟರು.

ಮಿಲ್ಸ್ 28:24.4, ಗಮ್ಮೂದಿ 28:24.8, ಕ್ಲಾರ್ಕ್ 28:25.8. ಹತ್ತು ಕಿಲೋಮೀಟರ್ ಓಡಿ ಮೊದಲನೆಯವರಿಗೂ ಮೂರನೆಯವರಿಗೂ ಒಂದೂವರೆ ಸೆಕೆಂಡ್ ಕೂಡ ಅಂತರ ಇಲ್ಲ. ಒಲಿಂಪಿಕ್ಸ್‌ನ 10,000 ಮೀಟರ್‌ನಲ್ಲಿ ಚಿನ್ನ ಗೆದ್ದ ಅಮೆರಿಕದವರು ಇವತ್ತಿಗೂ ಮಿಲ್ಸ್ ಒಬ್ಬರೇ.

ಓಡು_ಮಗಾ_ಓಡು:

ಓದುವಾಗಲೇ ಎದೆ ಹೊಡ್ಕೊಂತು.

ಕೊಲಂಬೊ_ದಾರಿ:

ಅದೇ ಓಟದಲ್ಲಿ ಕೊನೆಯವರಾಗಿ ಬಂದವರ ಕಥೆಯನ್ನೂ ಹೇಳಲೇಬೇಕು. ಸಿಲೋನ್‌ನ, ಅಂದರೆ ಈಗಿನ ಶ್ರೀಲಂಕಾದ ರಣತುಂಗ ಕರುಣಾನಂದ. ಎಲ್ಲರದ್ದೂ ಮುಗಿದ ಮೇಲೂ ಅವರಿಗೆ ಮೂರು ಸುತ್ತು ಬಾಕಿ. ಒಬ್ಬರೇ ಓಡುತ್ತಿದ್ದಾರೆ. ಮೊದಲ ಸುತ್ತಿಗೆ ಜನ ನಕ್ಕರು. ಆಮೇಲೆ ಸುಮ್ಮನಾದರು. ಕೊನೆಗೆ ಇಡೀ ಮೈದಾನ ಎದ್ದು ನಿಂತು ಚಪ್ಪಾಳೆ ಹೊಡೆಯಿತು. ಜಪಾನಿನ ಶಾಲಾ ಪುಸ್ತಕದಲ್ಲಿ ಅವರ ಪಾಠವೇ ಬಂತು. ನಮ್ಮ ಪಕ್ಕದ ದೇಶದವರು, ನಮ್ಮ ಮಕ್ಕಳಿಗೆ ಹೆಸರೂ ಗೊತ್ತಿಲ್ಲ.

ಪಿಟಿ_ಮೇಷ್ಟ್ರು:

ಕರುಣಾನಂದ ಅವರ ಕಥೆ ನಾನು ಪ್ರತಿ ವರ್ಷ ಕ್ರೀಡಾಕೂಟದ ಮುಂಚೆ ಮಕ್ಕಳಿಗೆ ಹೇಳುತ್ತಿದ್ದೆ. ನೆನಪಿಸಿದ್ದಕ್ಕೆ ಸಂತೋಷ.

ಈಗ ಟೋಕಿಯೊಗೆ ಬರುತ್ತೇನೆ. ಕೊನೆಯ ಸುತ್ತಿನವರೆಗೂ ಇಬ್ಬರನ್ನು ಜೊತೆಯಲ್ಲಿ ಉಳಿಸಿಕೊಂಡಿದ್ದೇ ತಪ್ಪಾಯಿತು. ತನಗೆ ಕೊನೆಯ ಓಟ ಇಲ್ಲ ಅಂತ ಗೊತ್ತಿದ್ದವರು ಹದಿನೈದು, ಹದಿನಾರನೇ ಸುತ್ತಿನಲ್ಲೇ ಇನ್ನೂ ಜೋರಾಗಿ ಹೊಡೆಯಬೇಕಿತ್ತು. ನಮ್ಮ ತಾಲ್ಲೂಕು ಕೂಟದಲ್ಲಿ ಒಬ್ಬ ಹುಡುಗ ಇದ್ದ. 5,000 ಮೀಟರ್‌ನಲ್ಲಿ ಮೊದಲಿಂದ ಮುಂದೆ ಓಡುವುದು, ಕೊನೆಯ 200ರಲ್ಲಿ ಸೋಲುವುದು. ನಾನು ಅವನಿಗೆ ಹೇಳಿಕೊಟ್ಟಿದ್ದು ಒಂದೇ. ಕೊನೆಯ ತಿರುವಿಗೆ ಕಾಯಬೇಡ, ಮೂರು ಸುತ್ತು ಇರುವಾಗಲೇ ಓಡಿಬಿಡು, ಅವರಿಗೆ ಉಸಿರು ಹಿಡಿಯೋಕೆ ಬಿಡಬೇಡ. ಮುಂದಿನ ವರ್ಷ ಜಿಲ್ಲೆಗೆ ಹೋದ.

ಗಡಿಯಾರ_ಹಿಡಿದವನು:

ಮೇಷ್ಟ್ರೇ, ಒಂದು ಸುತ್ತು ಬಿಟ್ಟು ಒಂದು ಸುತ್ತು ಜೋರು ಮಾಡಿದ್ದು ಅದಕ್ಕೇ ತಾನೇ? ಆವತ್ತು ಅದನ್ನು ತಾಳಿಕೊಂಡ ಇಬ್ಬರು ಸಿಕ್ಕಿದರು. ಮಿಲ್ಸ್ ತಮ್ಮ ಹಿಂದಿನ ಅತ್ಯುತ್ತಮ ಸಮಯಕ್ಕಿಂತ ಮುಕ್ಕಾಲು ನಿಮಿಷ ಬೇಗ ಓಡಿದರು. ಆ ಥರ ಒಂದೇ ದಿನಕ್ಕೆ ಬೇರೆಯೇ ಓಟಗಾರನಾಗಿ ಬರುವವನನ್ನು ಯಾರು ಲೆಕ್ಕ ಹಾಕೋಕಾಗುತ್ತೆ?

ಇನ್ನೊಂದು. ಕ್ಲಾರ್ಕ್ ಆ ವಾರ ಅಷ್ಟಕ್ಕೇ ನಿಲ್ಲಿಸಲಿಲ್ಲ. 18ಕ್ಕೆ 5,000 ಮೀಟರ್ ಫೈನಲ್ ಓಡಿದರು, 9ನೇ ಸ್ಥಾನ. 21ಕ್ಕೆ ಮ್ಯಾರಥಾನ್. ಶುರುವಿನಲ್ಲಿ ಮುಂದೆ ಇದ್ದವರು ಅವರೇ. ಕೊನೆಗೆ ಅಲ್ಲೂ 9ನೆಯವರು. ಗೆದ್ದವರು ಇಥಿಯೋಪಿಯಾದ ಅಬೆಬೆ ಬಿಕಿಲ. ಒಂದು ವಾರದೊಳಗೆ ಮೂರು ಫೈನಲ್!

ಧಾರವಾಡದ_ಗಾಳಿ:

ಅಷ್ಟು ದೊಡ್ಡ ದಾಖಲೆಗಾರ ಆಫೀಸಿನ ಕೆಲಸ ಬಿಟ್ಟಿರಲಿಲ್ಲ ಅನ್ನೋದು ನನಗೆ ಎಲ್ಲಕ್ಕಿಂತ ಹೆಚ್ಚು ಆಶ್ಚರ್ಯ. ಅದು ಅಮೆಚೂರ್ ಕಾಲ. ಓಟಕ್ಕೆ ಸಂಬಳ ಇಲ್ಲ, ಗೆದ್ದರೆ ದುಡ್ಡಿಲ್ಲ. ಹೆಂಡತಿ ಮಕ್ಕಳು, ಲೆಕ್ಕಪತ್ರದ ಕೆಲಸ, ಅದರ ನಡುವೆ ಬೆಳಗ್ಗೆ ಸಂಜೆ ಓಟ. ಮಧ್ಯೆ ಕೆಲವು ವರ್ಷ ಓದು, ಸಂಸಾರ ಅಂತ ಓಟ ಬಿಟ್ಟೇ ಬಿಟ್ಟಿದ್ದರು. 1961ರ ಹೊತ್ತಿಗೆ ಮತ್ತೆ ಶುರು ಮಾಡಿದರು.

ಮೆಲ್ಬರ್ನ್_ಕನ್ನಡಿಗ:

ಹೌದು. ಸಂಜೆ ಕೆಲಸ ಮುಗಿಸಿ ಕಾಲ್‌ಫೀಲ್ಡ್ ಕುದುರೆ ರೇಸ್‌ಕೋರ್ಸ್‌ನಲ್ಲಿ ಗೆಳೆಯರ ಗುಂಪಿನ ಜೊತೆ ಓಡುತ್ತಿದ್ದರು. ನಾನೂ ಅಲ್ಲಿ ಎಷ್ಟೋ ಸಲ ಓಡಿದ್ದೇನೆ. ಹುಲ್ಲಿನ ಮೇಲೆ ಓಡುವಾಗ ಕಾಲಿಗೆ ಹಿತ. ಚಳಿಗಾಲದಲ್ಲಿ ಐದು ಗಂಟೆಗೇ ಕತ್ತಲಾಗುತ್ತದೆ, ಗಾಳಿ ಬೇರೆ. ಕೆಲಸ ಮುಗಿಸಿಕೊಂಡು ಬಂದು ಅಲ್ಲಿ ಜೋರಾಗಿ ಓಡಬೇಕಾದರೆ ಒಳಗಿನ ಹಟ ಇರಲೇಬೇಕು.

ಮೈಸೂರು_ಹುಡುಗಿ:

ಆಸ್ಟ್ರೇಲಿಯಾ ಓಟಗಾರ ಅಂದರೆ ನನಗೆ ಗೊತ್ತಿದ್ದದ್ದು ಆ ಆಲೂಗಡ್ಡೆ ಬೆಳೆಯುವ ರೈತ. ಕ್ಲಿಫ್ ಯಂಗ್. ಗಂಬೂಟ್ ಹಾಕಿಕೊಂಡು ಬಂದು, ನಿದ್ದೆ ಮಾಡಬೇಕು ಅಂತಲೇ ಗೊತ್ತಿಲ್ಲದೆ ಸಿಡ್ನಿಯಿಂದ ಮೆಲ್ಬರ್ನ್‌ವರೆಗೆ ಓಡಿ ಗೆದ್ದರು ಅಂತ ವಾಟ್ಸಾಪ್‌ನಲ್ಲಿ ಬರ್ತಾನೇ ಇರುತ್ತೆ.

ಮೆಲ್ಬರ್ನ್_ಕನ್ನಡಿಗ:

ಅರ್ಧ ನಿಜ, ಅರ್ಧ ಮಸಾಲೆ. 1983ರಲ್ಲಿ, 61ನೇ ವಯಸ್ಸಿನಲ್ಲಿ 875 ಕಿಲೋಮೀಟರ್ ಓಟ ಗೆದ್ದದ್ದು ನಿಜ. 5 ದಿನ 15 ಗಂಟೆ ಚಿಲ್ಲರೆ. ಬಹುಮಾನದ 10,000 ಡಾಲರ್ ಅನ್ನು ಜೊತೆಯ ಓಟಗಾರರಿಗೆ ಹಂಚಿದ್ದೂ ನಿಜ. ಆದರೆ ಗಂಬೂಟ್ ಹಾಕುತ್ತಿದ್ದದ್ದು ಹೊಲದಲ್ಲಿ ಓಡುವಾಗ. ರೇಸ್‌ಗೆ ಓಟದ ಶೂನೇ. ಏನೂ ಗೊತ್ತಿಲ್ಲದೆ ಬಂದ ಅಜ್ಜನೂ ಅಲ್ಲ, ಅದಕ್ಕೂ ಮುಂಚೆ ದೂರದ ಓಟ ಓಡಿದ್ದವರು. ನಿದ್ದೆಯನ್ನೂ ಮಾಡಿದರು, ಉಳಿದವರಿಗಿಂತ ತುಂಬಾ ಕಡಿಮೆ. ಗೆದ್ದದ್ದು ಅದರಿಂದಲೇ.

ನಿರ್ವಾಹಕ:

ಕ್ಲಿಫ್ ಯಂಗ್ ಬಗ್ಗೆ ಬೇರೆ ಥ್ರೆಡ್ ಶುರು ಮಾಡಿ, ಓದಲು ನನಗೂ ಆಸೆ ಇದೆ. ಇಲ್ಲಿ ಕ್ಲಾರ್ಕ್ ಮಾತು ಮುಂದುವರಿಯಲಿ.

ಬೆಳಗಿನ_ಓಟ:

ಮೆಕ್ಸಿಕೊ ಬಗ್ಗೆ ಇನ್ನೂ ಯಾರೂ ಬರೆದಿಲ್ಲ. ನನ್ನ ವಾದಕ್ಕೆ ಮುಖ್ಯ ಕಾರಣವೇ ಅದು.

1968ರ ಹೊತ್ತಿಗೆ 5,000 ಮತ್ತು 10,000 ಎರಡರ ದಾಖಲೆಯೂ ಕ್ಲಾರ್ಕ್ ಅವರದ್ದೇ. 5,000ದಲ್ಲಿ 13:16.6, 1966ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ಓಡಿದ್ದು. ಒಲಿಂಪಿಕ್ಸ್ ಎಲ್ಲಿ ಇಟ್ಟರು? 2,240 ಮೀಟರ್ ಎತ್ತರದ ಮೆಕ್ಸಿಕೊ ಸಿಟಿಯಲ್ಲಿ. ನಮಗೆ ಅಂದಾಜಾಗಬೇಕಾದರೆ, ಅದು ಸುಮಾರು ಊಟಿಯ ಎತ್ತರ. ನಮ್ಮ ರಾಜ್ಯದ ಅತಿ ಎತ್ತರದ ಮುಳ್ಳಯ್ಯನಗಿರಿಯ ತುದಿಗಿಂತಲೂ ಮೇಲೆ. ಮೆಲ್ಬರ್ನ್ ಇರುವುದು ಸಮುದ್ರದ ಪಕ್ಕ.

10,000 ಮೀಟರ್ ಫೈನಲ್‌ನಲ್ಲಿ ಕೊನೆಯ ಕೆಲವು ಸುತ್ತಿನವರೆಗೂ ಕ್ಲಾರ್ಕ್ ಮುಂದಿನವರ ಜೊತೆಗೇ ಇದ್ದರು. ಆಮೇಲೆ ಕಾಲು ಮಾತು ಕೇಳಲಿಲ್ಲ. ಕೊನೆಯ ಸುತ್ತು ಓಡಿದ್ದೇ ನೆನಪಿಲ್ಲ ಅಂತ ಅವರು ಹೇಳಿಕೊಂಡಿದ್ದಾರೆ. 6ನೆಯವರಾಗಿ ಗೆರೆ ದಾಟಿದ ಕೂಡಲೇ ಕುಸಿದು ಬಿದ್ದರು, ಪ್ರಜ್ಞೆ ಇಲ್ಲ. ತಂಡದ ಡಾಕ್ಟರ್ ಬ್ರಯನ್ ಕೊರಿಗನ್ ಪಕ್ಕದಲ್ಲಿ ಮಂಡಿಯೂರಿ ಮುಖಕ್ಕೆ ಆಕ್ಸಿಜನ್ ಮಾಸ್ಕ್ ಹಿಡಿದರು. ಆ ಡಾಕ್ಟರ್ ಅಳುತ್ತಿದ್ದರು. ಓಟಗಾರ ಸತ್ತೇ ಹೋಗುತ್ತಾನೆ ಅನ್ನುವ ಭಯ.

ಗೆದ್ದವರು ಕೆನ್ಯಾದ ಟೆಮು, 29:27.4. ಕ್ಲಾರ್ಕ್ ದಾಖಲೆಗಿಂತ ಒಂದು ಮುಕ್ಕಾಲು ನಿಮಿಷ ನಿಧಾನ! ಈ ರೇಸ್ ಇಟ್ಟುಕೊಂಡು ಯಾರು ಶ್ರೇಷ್ಠ ಅಂತ ಅಳೆಯೋಕಾಗುತ್ತಾ?

ವೈದ್ಯೆ_ಕರಾವಳಿ:

ಡಾಕ್ಟರ್ ಆಗಿ ಒಂದೆರಡು ಮಾತು. ಎತ್ತರಕ್ಕೆ ಹೋದರೆ ಗಾಳಿಯಲ್ಲಿ ಆಕ್ಸಿಜನ್ ಪಾಲು ಕಡಿಮೆಯಾಗುತ್ತದೆ ಅಂತ ಜಾಸ್ತಿ ಜನ ಅಂದುಕೊಂಡಿದ್ದಾರೆ. ಪಾಲು ಅಷ್ಟೇ ಇರುತ್ತದೆ, ಸುಮಾರು 21%. ಕಡಿಮೆಯಾಗುವುದು ಗಾಳಿಯ ಒತ್ತಡ. ಮೆಕ್ಸಿಕೊ ಸಿಟಿಯಲ್ಲಿ ಸಮುದ್ರ ಮಟ್ಟಕ್ಕಿಂತ ಕಾಲು ಭಾಗದಷ್ಟು ಕಡಿಮೆ. ಹಾಗಾಗಿ ಪ್ರತಿ ಉಸಿರಿಗೂ ರಕ್ತಕ್ಕೆ ಸೇರುವ ಆಕ್ಸಿಜನ್ ಕಡಿಮೆ. ನೂರು ಮೀಟರ್ ಓಡುವವರಿಗೆ ಇದರಿಂದ ತೊಂದರೆ ಇಲ್ಲ. ಗಾಳಿ ತೆಳು ಇರುವುದರಿಂದ ಲಾಭವೇ. ಬಾಬ್ ಬೀಮನ್ 8.90 ಮೀಟರ್ ಉದ್ದ ಜಿಗಿದದ್ದು ಅಲ್ಲೇ. ಆದರೆ ಅರ್ಧ ಗಂಟೆ ಓಡುವವರಿಗೆ ಕಷ್ಟ. ಹುಟ್ಟಿದಾಗಿನಿಂದ ಎತ್ತರದಲ್ಲಿ ಬೆಳೆದವರ ದೇಹ ಅದಕ್ಕೆ ಒಗ್ಗಿರುತ್ತದೆ. ಕೆಳಗಿನವರು ಕೆಲವು ವಾರ ಮೇಲೆ ಹೋಗಿ ಅಭ್ಯಾಸ ಮಾಡಿದರೆ ಸ್ವಲ್ಪ ಹೊಂದಿಕೆ ಬರುತ್ತದೆ, ಪೂರ್ತಿ ಅಲ್ಲ.

ಪ್ರಜ್ಞೆ ತಪ್ಪುವವರೆಗೆ ಓಡಿದ್ದನ್ನು ಹೊಗಳುವಾಗ ಸ್ವಲ್ಪ ಜೋಪಾನ. ನಮ್ಮ ಊರಿನ ಓಟಗಳಲ್ಲೂ ಬಿದ್ದವರನ್ನು ನೋಡಿದ್ದೇನೆ. ತಲೆ ಸುತ್ತಿ ಕಣ್ಣು ಮಂಜಾದರೆ ನಿಲ್ಲಿಸಿ. ದಯವಿಟ್ಟು.

ಓಡು_ಮಗಾ_ಓಡು:

ಆಮೇಲೆ ಅವರ ಹೃದಯಕ್ಕೆ ತೊಂದರೆ ಆಯಿತು ಅಂತಾರಲ್ಲ, ಅದು ಮೆಕ್ಸಿಕೊದಿಂದಲೇನಾ?

ವೈದ್ಯೆ_ಕರಾವಳಿ:

ಹೃದಯದ ಕವಾಟಕ್ಕೆ ಆಪರೇಷನ್ ಆಯಿತು. ಮೆಕ್ಸಿಕೊವೇ ಕಾರಣ ಅಂತ ಅವರು ನಂಬಿದ್ದರು. ಒಂದೇ ಓಟದಿಂದ ಕವಾಟ ಕೆಡುತ್ತದೆ ಅಂತ ಡಾಕ್ಟರ್‌ಗಳು ಸುಲಭಕ್ಕೆ ಒಪ್ಪುವುದಿಲ್ಲ. ಅಷ್ಟು ಮಾತ್ರ ಹೇಳಬಲ್ಲೆ.

ಪಿಟಿ_ಮೇಷ್ಟ್ರು:

ಮೆಕ್ಸಿಕೊ ಮಟ್ಟಿಗೆ ನಿಮ್ಮ ಮಾತು ಒಪ್ಪುತ್ತೇನೆ. ಅಲ್ಲಿ ನಡೆದದ್ದು ಅನ್ಯಾಯವೇ. 5,000ದಲ್ಲಿ ಗಮ್ಮೂದಿ, ಕೇನೊ, ಟೆಮು. 10,000ದಲ್ಲಿ ಟೆಮು, ಇಥಿಯೋಪಿಯಾದ ಮಾಮೊ ವೋಲ್ಡೆ, ಗಮ್ಮೂದಿ. ಮ್ಯಾರಥಾನ್‌ನಲ್ಲೂ ವೋಲ್ಡೆ. 5,000, 10,000ದ ಪದಕವೆಲ್ಲ ಆಫ್ರಿಕಾದವರಿಗೆ, ಅದರಲ್ಲೂ ಹೆಚ್ಚಿನದು ಎತ್ತರದ ಊರುಗಳಲ್ಲಿ ಬೆಳೆದವರಿಗೆ.

ಆದರೆ ಎಡಿನ್‌ಬರೋ ಎತ್ತರದಲ್ಲಿಲ್ಲ. ಕಿಂಗ್‌ಸ್ಟನ್ ಸಮುದ್ರದ ದಡದಲ್ಲಿದೆ. ಅದಕ್ಕೇನು ಹೇಳುತ್ತೀರಿ?

ಹಳೇ_ರೀಲು:

ಟೆಮು, ಕೇನೊ ಸಮುದ್ರ ದಡದಲ್ಲೂ ಒಳ್ಳೆಯ ಓಟಗಾರರೇ ಅನ್ನುವುದನ್ನು ಕಿಂಗ್‌ಸ್ಟನ್ ತೋರಿಸುತ್ತದೆ. ಅವರ ಗೆಲುವನ್ನು ಬರೀ ಎತ್ತರದ ಲೆಕ್ಕಕ್ಕೆ ಹಾಕಬಾರದು, ಅದು ಅವರಿಗೆ ಮಾಡುವ ಅವಮಾನ. ಕೆನ್ಯಾ ಓಟದ ಕಾಲ ಶುರುವಾಗಿದ್ದೇ ಆಗ. ಕ್ಲಾರ್ಕ್ ಆ ತಿರುವಿನಲ್ಲಿ ಸಿಕ್ಕಿಕೊಂಡರು.

ಧಾರವಾಡದ_ಗಾಳಿ:

ಪದಕ ಪದಕ ಅಂತೀರಲ್ಲ, ಜಾಟೊಪೆಕ್ ಕೊಟ್ಟದ್ದನ್ನು ಮರೆತಿರಾ?

ಜೆಕೊಸ್ಲೊವಾಕಿಯಾದ ಎಮಿಲ್ ಜಾಟೊಪೆಕ್. 1952ರ ಹೆಲ್ಸಿಂಕಿಯಲ್ಲಿ 5,000, 10,000, ಮ್ಯಾರಥಾನ್ ಮೂರನ್ನೂ ಗೆದ್ದವರು. ಇವತ್ತಿಗೂ ಒಂದೇ ಒಲಿಂಪಿಕ್ಸ್‌ನಲ್ಲಿ ಈ ಮೂರನ್ನೂ ಗೆದ್ದವರು ಬೇರೆ ಯಾರೂ ಇಲ್ಲ. 1966ರಲ್ಲಿ ಕ್ಲಾರ್ಕ್ ಪ್ರಾಗ್‌ಗೆ ಹೋಗಿದ್ದರು. ವಾಪಸ್ ಹೊರಡುವಾಗ ಜಾಟೊಪೆಕ್ ವಿಮಾನ ನಿಲ್ದಾಣದವರೆಗೆ ಬಂದು ಕೈಕುಲುಕುವಾಗ ಒಂದು ಸಣ್ಣ ಪೊಟ್ಟಣವನ್ನು ಅಂಗೈಗೆ ಒತ್ತಿದರು. ಕಮ್ಯುನಿಸ್ಟ್ ಆಡಳಿತದ ಕಾಲ. ಹೊರಗೆ ಸಾಗಿಸಬೇಕಾದ ಏನೋ ಗುಟ್ಟಿನ ಸಂದೇಶ ಇರಬೇಕು ಅಂದುಕೊಂಡು ಕ್ಲಾರ್ಕ್ ಅಲ್ಲಿ ಬಿಚ್ಚಲೇ ಇಲ್ಲ. ಆಮೇಲೆ ಬಿಚ್ಚಿ ನೋಡಿದರೆ ಹೆಲ್ಸಿಂಕಿಯ 10,000 ಮೀಟರ್ ಚಿನ್ನದ ಪದಕ. ಸ್ನೇಹಕ್ಕೆ ಅಂತ ಕೊಡುತ್ತಿಲ್ಲ, ನಿನಗೆ ಸಲ್ಲಬೇಕಾದದ್ದು ಅಂತ ಕೊಡುತ್ತಿದ್ದೇನೆ ಅನ್ನುವ ಅರ್ಥದ ಮಾತನ್ನೂ ಹೇಳಿದ್ದರು.

ಮೆಕ್ಸಿಕೊಗೆ ಎರಡು ವರ್ಷ ಮುಂಚೆಯೇ ಕೊಟ್ಟದ್ದು ನೋಡಿ. ಅವರು ಕನಿಕರದಿಂದ ಕೊಟ್ಟದ್ದಲ್ಲ.

ಸಂಜೆ_ನಡಿಗೆ:

ಇದನ್ನು ಓದಿ ಕಣ್ಣು ತುಂಬಿತು. ನನ್ನ ಮಗಳಿಗೂ ಓದಿ ಹೇಳಿದೆ. ಅವಳು ಶಾಲೆಯಲ್ಲಿ 1,500 ಮೀಟರ್ ಓಡುತ್ತಾಳೆ.

ಕಬ್ಬನ್_ಪಾರ್ಕ್_ಸುತ್ತು:

ಜಾಟೊಪೆಕ್ ಅವರೇ ಒಪ್ಪಿದ ಮೇಲೆ ನಮ್ಮದೇನು?

ಪಿಟಿ_ಮೇಷ್ಟ್ರು:

ಅದು ಜಾಟೊಪೆಕ್ ಅವರ ದೊಡ್ಡ ಮನಸ್ಸು. ಅದರಿಂದ ರೇಸ್ ಫಲಿತಾಂಶ ಬದಲಾಗುವುದಿಲ್ಲ.

ಮೆಲ್ಬರ್ನ್_ಕನ್ನಡಿಗ:

ಓಟ ಬಿಟ್ಟ ಮೇಲಿನದ್ದನ್ನೂ ಒಂದು ಸಾಲು ಹೇಳಿಬಿಡುತ್ತೇನೆ. 1970ರ ಎಡಿನ್‌ಬರೋ ಆದ ಮೇಲೆ ನಿವೃತ್ತಿ. ಮುಂದೆ 2004ರಿಂದ 2012ರವರೆಗೆ ಗೋಲ್ಡ್ ಕೋಸ್ಟ್ ನಗರದ ಮೇಯರ್. 2018ರ ಕಾಮನ್‌ವೆಲ್ತ್ ಕೂಟ ಆ ನಗರಕ್ಕೆ ಸಿಕ್ಕಿದ್ದು ಅವರು ಮೇಯರ್ ಆಗಿದ್ದಾಗಲೇ, 2011ರಲ್ಲಿ. ಕೂಟ ನೋಡಲು ಅವರಿರಲಿಲ್ಲ. 2015ರ ಜೂನ್‌ನಲ್ಲಿ ತೀರಿಕೊಂಡರು.

ಗಡಿಯಾರ_ಹಿಡಿದವನು:

ಮೇಷ್ಟ್ರೇ, ಕೊನೆಯದಾಗಿ ನನ್ನ ವಾದ ಕೇಳಿ. ಕ್ಲಾರ್ಕ್ ಅವರ 10,000 ದಾಖಲೆ ಏಳು ವರ್ಷ ನಿಂತಿತು. 1972ರ ಮ್ಯೂನಿಕ್‌ನಲ್ಲಿ ಫಿನ್ಲೆಂಡ್‌ನ ಲಾಸೆ ವಿರೆನ್ ಮುರಿದರು. ಎಷ್ಟು? 27:38.4. ಒಂದೇ ಒಂದು ಸೆಕೆಂಡ್. ಅದೂ ಹೊಸ ಸಿಂಥೆಟಿಕ್ ಟ್ರ್ಯಾಕ್ ಮೇಲೆ, ಒಲಿಂಪಿಕ್ ಫೈನಲ್‌ನಲ್ಲಿ ಅಷ್ಟು ಜನ ಜೊತೆಗಿದ್ದು ವೇಗ ಎಳೆದಾಗ. ಕ್ಲಾರ್ಕ್ ಅದನ್ನು ಏಳು ವರ್ಷ ಮೊದಲೇ ಸಿಂಡರ್ ಮೇಲೆ ಮುಂದೆ ನಿಂತು ಓಡಿ ತೋರಿಸಿದ್ದರು. 10,000 ಮೀಟರ್ ಅಂದರೆ ಮೊದಲ ಸುತ್ತಿನಿಂದಲೇ ಜೋರಾಗಿ ಓಡಬೇಕಾದ ಓಟ ಅಂತ ಮುಂದಿನವರಿಗೆ ಕಲಿಸಿದ್ದು ಆ ರೇಸ್. ಚಿನ್ನ ಗೆದ್ದ ಎಷ್ಟೋ ಜನ ಓಟವನ್ನು ಇದ್ದಲ್ಲೇ ಬಿಟ್ಟು ಹೋದರು. ಇವರು ಅದನ್ನು ಮುಂದಕ್ಕೆ ತಳ್ಳಿದರು. ನನ್ನ ಪಟ್ಟಿಯಲ್ಲಿ ಮೊದಲ ಐದರಲ್ಲಿ ಕ್ಲಾರ್ಕ್ ಇದ್ದಾರೆ.

ಪಿಟಿ_ಮೇಷ್ಟ್ರು:

ವಿರೆನ್ ಆ ರೇಸ್‌ನ ಮಧ್ಯದಲ್ಲಿ ಬಿದ್ದು, ಎದ್ದು, ಆಮೇಲೆ ಗೆದ್ದು ದಾಖಲೆ ಮಾಡಿದ್ದು ಅನ್ನುವುದನ್ನು ನೀವು ಬರೆಯಲೇ ಇಲ್ಲ. ಬೀಳದಿದ್ದರೆ ಇನ್ನೂ ಎಷ್ಟು ಕಡಿಮೆ ಆಗುತ್ತಿತ್ತೋ.

ಹತ್ತರಲ್ಲಿ ಕ್ಲಾರ್ಕ್ ಇರಲಿ, ಅದಕ್ಕೆ ನನ್ನ ಒಪ್ಪಿಗೆ ಇದೆ. ಮೊದಲ ಐದರಲ್ಲಿ ಬೇಡ.

ಬೆಳಗಿನ_ಓಟ:

ಮೇಷ್ಟ್ರು ಹತ್ತಕ್ಕೆ ಒಪ್ಪಿದರು! ಇದನ್ನು ನಮ್ಮ ಗುಂಪಿಗೆ ಈಗಲೇ ಕಳಿಸುತ್ತೇನೆ.

ಓಡು_ಮಗಾ_ಓಡು:

ಐದರಲ್ಲಿ ಹಾಕಬೇಕಾದರೆ ಯಾರನ್ನು ತೆಗೀತೀರಿ ಅದನ್ನೂ ಹೇಳಿ. ಫಿನ್ಲೆಂಡ್‌ನ ನುರ್ಮಿ, ಜಾಟೊಪೆಕ್, ಇಥಿಯೋಪಿಯಾದ ಗೆಬ್ರಸೆಲಾಸ್ಸಿ, ಬೆಕೆಲೆ ಈ ನಾಲ್ವರನ್ನು ಮುಟ್ಟೋ ಹಾಗಿಲ್ಲ. ಉಳಿದಿರೋದು ಒಂದೇ ಜಾಗ.

ಗಡಿಯಾರ_ಹಿಡಿದವನು:

ವಿರೆನ್ ತೆಗೆಯಿರಿ.

ಪಿಟಿ_ಮೇಷ್ಟ್ರು:

ಎರಡು ಒಲಿಂಪಿಕ್ಸ್, 5,000 ಮತ್ತು 10,000, ನಾಲ್ಕಕ್ಕೆ ನಾಲ್ಕೂ ಚಿನ್ನ. ಅವರನ್ನು ತೆಗೆದು ಕ್ಲಾರ್ಕ್ ಹಾಕೋದಾ? ಆಗೋದೇ ಇಲ್ಲ.

ಮೈಸೂರು_ಹುಡುಗಿ:

ಕೆನ್ಯಾದ ಮ್ಯಾರಥಾನ್ ಓಟಗಾರ ಕಿಪ್ಚೊಗೆ ಎಲ್ಲಿ ಹೋದರು ನಿಮ್ಮ ಪಟ್ಟಿಯಲ್ಲಿ?